ಆಗುತ್ತೆ ಅಂದ ಕೈ

ಬಲಭುಜ ಎಡಭುಜಕ್ಕಿಂತ ಅರ್ಧ ಬೆರಳು ಕೆಳಗಿದೆ, ಮೂವತ್ತೊಂದು ವರ್ಷ ಒಂದೇ ಹೆಗಲಿಗೆ ಚೀಲ ಹಾಕಿಕೊಂಡು ಬೀದಿ ಬೀದಿ ಸುತ್ತಿದರೆ ಇನ್ನೇನಾಗುತ್ತದೆ, ಬೆನ್ನುಮೂಳೆಯ ಪಕ್ಕದ ಸ್ನಾಯು ಹಳೇ ಹಗ್ಗದ ಹಾಗೆ ಗಂಟುಗಂಟು, ಮಂಚದ ಪಕ್ಕ ನಿಂತ ಅವನು ಅಂಗೈ ಇಟ್ಟರೆ ಒಳಗೆ ಏನೋ ಗುನುಗುಡುತ್ತದೆ — ಸ್ನಾಯು ಅಲ್ಲ, ಪೋಸ್ಟ್‌ಮ್ಯಾನೇ ಗುನುಗುಡುತ್ತಿರುವುದು, ಮಂಚದ ತಲೆಗಡೆಯ ತೂತಿನಲ್ಲಿ ಮುಖ ಹುದುಗಿಸಿ ನೆಲದ ಜೊತೆ ಮಾತಾಡುತ್ತಿದ್ದಾರೆ, ನಮ್ಮ ಕ್ಲಬ್ಬನ್ನ ಮುಳುಗಿಸಿದ್ದು ಆ ಮನುಷ್ಯ ಒಬ್ಬನೇ, ಇನ್ಯಾರೂ ಅಲ್ಲ, ಬೇಕಾದ್ರೆ ಬರೆದು ಕೊಡ್ತೀನಿ. ನೆಲ ಉತ್ತರ ಕೊಡುವುದಿಲ್ಲ, ಪರದೆಯ ಆಚೆಯಿಂದ ಮೇಷ್ಟ್ರು ಕೊಡುತ್ತಾರೆ, ಕುತ್ತಿಗೆಗೆ ಬಿಸಿದೀಪ ಹಾಕಿಸಿಕೊಂಡು ಇಪ್ಪತ್ತು ನಿಮಿಷ ಅಲುಗಾಡಬೇಡಿ ಅಂತ ಅವನು ಹೇಳಿ ಬಂದು ನಾಲ್ಕು ನಿಮಿಷವಾಗಿಲ್ಲ, ಆಗಲೇ ಮಂಚ ಕಿರುಗುಟ್ಟುತ್ತಿದೆ, ಮ್ಯಾನೇಜರ್ ಏನ್ರೀ ಮಾಡ್ತಾನೆ, ನದಿ ಬತ್ತಿದ್ರೆ ಅಣೆಕಟ್ಟೆ ಕಾಯೋನನ್ನ ಬೈತೀರಾ, ಮೇಲೆ ಕಾಡು ಕಡಿದೋರನ್ನ ಬೈಬೇಕು, ಹಿಂದಿನ ವರ್ಷವೇ ಕಮಿಟಿಯವ್ರು ಮಧ್ಯದ ಇಬ್ಬರು ಆಟಗಾರರನ್ನ ಬಿಟ್ಟುಕೊಟ್ಟಾಗಿತ್ತು. ಪೋಸ್ಟ್‌ಮ್ಯಾನ್ ತೂತಿನೊಳಗಿಂದಲೇ, ಮೇಷ್ಟ್ರೇ, ಭೂಗೋಳ ಬಿಡಿ, ಫುಟ್‌ಬಾಲ್ ಮಾತಾಡಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸರದಿ ಕಾಯುತ್ತಿರುವ ಬೇಕರಿ ಅಕ್ಕ ನಗುವುದಿಲ್ಲ, ತಮ್ಮ ಬಲಗೈಯನ್ನು ಯಾರದೋ ಪೊಟ್ಟಣ ಹಿಡಿದ ಹಾಗೆ ಎಡಗೈಯಲ್ಲಿ ಹಿಡಿದು ಮಡಿಲ ಮೇಲಿಟ್ಟುಕೊಂಡು ಹೊರಗೆ ನೋಡುತ್ತಾರೆ, ಆ ಕಿಟಕಿಯಿಂದ ಕಾಣುವುದು ಸೈಕಲ್ ಅಂಗಡಿಯ ತಗಡು, ಅದರಾಚೆ ಕ್ರೀಡಾಂಗಣದ ನಾಲ್ಕು ದೀಪದ ಕಂಬ, ಮೂರನೇ ಡಿವಿಷನ್ನಿಗೆ ಬಿದ್ದ ಮೇಲೆ ಅವುಗಳಲ್ಲಿ ಲೈಟು ಹತ್ತಿದ್ದಿಲ್ಲ, ಆಟವೆಲ್ಲ ಭಾನುವಾರದ ಬಿಸಿಲಿನಲ್ಲೇ, ಕಂಬಗಳ ಮೇಲೆ ಈಗ ಹಕ್ಕಿಗಳ ಸಂಸಾರ.

ಗಂಟಿನ ಮೇಲೆ ಮೊಣಕೈ ಇಟ್ಟು ಭಾರ ಬಿಡಬೇಕು, ಅಯ್ಯಪ್ಪಾ ಅಂದರೆ ಅರ್ಧ ಸೆಕೆಂಡು ನಿಲ್ಲಿಸಬೇಕು, ಅಂದರು, ನಿಲ್ಲಿಸಿದ, ಡಾಕ್ಟ್ರೇ ಜೀವ ತೆಗೀತೀರಾ. ಡಾಕ್ಟರಲ್ಲ ಅಂತ ಮೊದಮೊದಲು ಎಲ್ಲರಿಗೂ ತಿದ್ದುತ್ತಿದ್ದ, ನಾನು ಫಿಸಿಯೋ, ಹದಿನಾಲ್ಕು ವರ್ಷ ಕ್ಲಬ್ಬಿನಲ್ಲಿದ್ದೆ, ಅಷ್ಟೇ — ಈಗ ಬಿಟ್ಟಿದ್ದಾನೆ, ಕರೆದುಕೊಳ್ಳಲಿ. ಹದಿನಾಲ್ಕು ವರ್ಷ ಇಪ್ಪತ್ತರ ಹುಡುಗರ ತೊಡೆ, ಮೀನಖಂಡ, ಪಾದದ ಕೀಲು, ಎಲ್ಲ ಬಿಗಿದ ಚರ್ಮ, ಕೈ ಜಾರುತ್ತಿತ್ತು, ಈಗ ಊರಿನ ಬೆನ್ನು, ಊರಿನ ಕುತ್ತಿಗೆ, ಕ್ಲಬ್ಬು ಎರಡನೇ ಸಲ ಕೆಳಗೆ ಬಿದ್ದಾಗ ಮೊದಲು ಹೋಗಿದ್ದು ಬಟ್ಟೆ ಒಗೆಯುವವರು, ಆಮೇಲೆ ಮ್ಯಾನೇಜರ್, ಆಮೇಲೆ ಅವನು. ಹೋಗುವ ದಿನ ಮ್ಯಾನೇಜರ್ ತಮ್ಮ ಬೀರುವಿನಿಂದ ಒಂದು ಕೊಡೆ, ಒಂದು ಜೊತೆ ಬೂಟು, ಹಳೇ ಕಂದು ಕೋಟು ಇಷ್ಟೇ ತೆಗೆದುಕೊಂಡು ಹಿಂದಿನ ಗೇಟಿನಿಂದ ಹೋದರಂತೆ, ಮುಂದಿನ ಗೇಟಿನಲ್ಲಿ ಜನ ಇದ್ದರಂತೆ, ಅವನು ನೋಡಿಲ್ಲ, ನೋಡಬಾರದು ಅಂತಲೇ ಆ ದಿನ ಹಲ್ಲುನೋವು ಅಂತ ಮನೆಯಲ್ಲಿ ಮಲಗಿದ್ದ, ಹೆಂಡತಿ ಲವಂಗದೆಣ್ಣೆ ತಂದುಕೊಟ್ಟಳು, ನೋವಿಲ್ಲದ ಹಲ್ಲಿಗೆ ಹಚ್ಚಿಕೊಂಡ. ಡಾಕ್ಟ್ರೇ, ಆ ಕಾಗದ ಅಲ್ಲೇ ಇಟ್ಟಿದ್ದೀನಿ, ಟವೆಲ್ ಪಕ್ಕ, ಮರೀಬೇಡಿ. ಮರೆಯುವುದು ಹೇಗೆ, ಬಂದಾಗಿನಿಂದ ಅದೇ ಕಣ್ಣಿಗೆ ಬೀಳುತ್ತಿದೆ, ನಾಲ್ಕು ಹಾಳೆ ಸೇರಿಸಿ ಹೊಲಿದ ಕಾಗದ, ಕ್ಲಬ್ಬಿನ ಐವತ್ತನೇ ವರ್ಷದ ಸಮಾರಂಭಕ್ಕೆ ವೇದಿಕೆ ಮೇಲೆ ಕೂರಿಸುವವರ ಪಟ್ಟಿಯಿಂದ ಆ ಮ್ಯಾನೇಜರ್ ಹೆಸರು ತೆಗೆಯಬೇಕು ಅಂತ ಅಭಿಮಾನಿಗಳ ವಿನಂತಿ, ಕೆಳಗೆ ಇನ್ನೂರ ಹನ್ನೊಂದು ಸಹಿ, ಒಂದೊಂದನ್ನೂ ಪೋಸ್ಟ್‌ಮ್ಯಾನ್ ಮನೆಮನೆಗೆ ಹೋಗಿ ಮಾಡಿಸಿದ್ದಾರೆ, ರಿಟೈರಾದ ಮೇಲೂ ಅದೇ ಬೀಟು, ಅದೇ ನಾಯಿಗಳು. ಇವತ್ತು ಸಂಜೆ ಆರಕ್ಕೆ ಕ್ಲಬ್ಬಿನಲ್ಲಿ ಸಭೆ, ಅಲ್ಲಿ ಕೊಡೋದು, ನಿಮ್ಮ ಸಹಿ ಇನ್ನೂರ ಹನ್ನೆರಡನೇದು, ಆದ್ರೆ ಇನ್ನೂರಕ್ಕೆ ಸಮ, ಯಾಕಂದ್ರೆ ನೀವು ಒಳಗಿದ್ದೋರು.

ಒಳಗಿದ್ದವನು. ಮೇಷ್ಟ್ರು ಪರದೆಯಾಚೆ ಬೆರಳು ಮಡಚುತ್ತಿರಬೇಕು, ಲೆಕ್ಕ ಹಾಕುವಾಗ ಅವರ ದನಿ ಕ್ಲಾಸಿನ ದನಿಯಾಗುತ್ತದೆ, ಒಂದು, ಮಧ್ಯದವರಿಲ್ಲ, ಎರಡು, ಗೋಲ್‌ಕೀಪರ್‌ಗೆ ಮದುವೆಯಾಗಿ ಹದಿನೈದು ದಿನ, ಮೂರು, ಹುಲ್ಲು ಕತ್ತರಿಸೋ ಯಂತ್ರ ಕೆಟ್ಟು ಮೈದಾನ ಗದ್ದೆಯಾಗಿತ್ತು, ಇಷ್ಟರಲ್ಲಿ ಮ್ಯಾನೇಜರ್ ತಪ್ಪು ಎಲ್ಲಿ ಬಂತು ತೋರಿಸಿ. ಪೋಸ್ಟ್‌ಮ್ಯಾನ್ ತಲೆ ಎತ್ತಿಯೇಬಿಟ್ಟರು, ಕೆನ್ನೆಯ ಸುತ್ತ ತೂತಿನ ದುಂಡನೆ ಗುರುತು, ತೋರಿಸ್ತೀನಿ, ಕೊನೇ ಪಂದ್ಯ, ಡ್ರಾ ಆದ್ರೂ ಸಾಕಿತ್ತು, ಎರಡನೇ ಡಿವಿಷನ್ನಲ್ಲೇ ಉಳೀತಿದ್ವಿ, ನಮ್ಮ ಚಿಗರೆ ಹುಡುಗನಿಗೆ ಮಂಡಿ ಸರಿ ಇರಲಿಲ್ಲ, ಸೈಕಲ್ ಅಂಗಡಿಯೋನಿಗೂ ಗೊತ್ತಿತ್ತು, ಅಂಥವನನ್ನ ಇಳಿಸಿದ, ಇಪ್ಪತ್ತಮೂರನೇ ನಿಮಿಷಕ್ಕೆ ಮಂಡಿ ಹೋಯ್ತು, ಆ ಮಗು ಮತ್ತೆ ಚೆಂಡು ಮುಟ್ಟಲಿಲ್ಲ, ನಾವು ಮತ್ತೆ ಮೇಲೆ ಏಳಲಿಲ್ಲ, ಒಬ್ಬ ಹುಡುಗನ ಕಾಲು ಮುರಿದು ಊರಿನ ಕ್ಲಬ್ಬಿನ ಸೊಂಟ ಮುರಿದ, ಇಷ್ಟು ಸಾಕಾ ಮೇಷ್ಟ್ರೇ. ಮಲಗಿ, ಅಂತ ಅವನು ಪೋಸ್ಟ್‌ಮ್ಯಾನ್ ಹೆಗಲನ್ನು ಮೆಲ್ಲಗೆ ಒತ್ತುತ್ತಾನೆ, ಹೆಗಲು ಮಾತು ಕೇಳುತ್ತದೆ, ಅವನ ಕೈ ಹೇಳಿದರೆ ಎಂಥ ಹೆಗಲೂ ಕೇಳುತ್ತದೆ, ಅದು ಮೊದಲಿನಿಂದಲೂ ಹಾಗೆ, ಅಮ್ಮ ತಲೆನೋವು ಬಂದಾಗ ಅಕ್ಕಂದಿರನ್ನು ಬಿಟ್ಟು ಅವನನ್ನೇ ಕರೆಯುತ್ತಿದ್ದಳು, ಬಾರೋ, ನಿನ್ನ ಕೈಗುಣ ಒಳ್ಳೇದು, ಐದು ನಿಮಿಷ ಒತ್ತಿದರೆ ನಿದ್ದೆ ಹೋಗುತ್ತಿದ್ದಳು, ಹೋಗುತ್ತಿದ್ದಳೋ ಹೋದ ಹಾಗೆ ಮಾಡುತ್ತಿದ್ದಳೋ, ಅವನು ಕೇಳಿದ್ದಿಲ್ಲ. ಕ್ಲಬ್ಬಿಗೆ ಸೇರಿದ ಎರಡನೇ ವರ್ಷ ಮ್ಯಾನೇಜರ್ ಕೂಡ ಅದೇ ಮಾತು ಅಂದರು, ಆರು ವಾರ ಆಡೋ ಹಾಗಿಲ್ಲ ಅಂತ ಆಸ್ಪತ್ರೆಯವರು ಬರೆದುಕೊಟ್ಟ ಹುಡುಗನನ್ನು ಅವನು ನಾಲ್ಕೇ ವಾರಕ್ಕೆ ಓಡಿಸಿದ್ದ, ನಿಮ್ಮ ಕೈಗುಣ ದೊಡ್ಡದು ಕಣ್ರೀ, ಎಲ್ಲರ ಎದುರಿಗೇ ಅಂದರು, ಆವತ್ತಿನಿಂದ ಡ್ರೆಸ್ಸಿಂಗ್ ರೂಮಿನಲ್ಲಿ ಅವನ ಮಂಚಕ್ಕೆ ಅದೇ ಹೆಸರು, ಕೈಗುಣದ ಮಂಚ, ಹುಡುಗರು ಆಟಕ್ಕೆ ಮೊದಲು ಸುಮ್ಮನೆ ಅದನ್ನು ಮುಟ್ಟಿ ಹೋಗುತ್ತಿದ್ದರು.

ಹನ್ನೊಂದು ದಿನ. ಚಿಗರೆಯ ಮಂಡಿ ತಿರುಚಿದ್ದು ಅಭ್ಯಾಸದಲ್ಲಿ, ಕೊನೇ ಪಂದ್ಯಕ್ಕೆ ಹನ್ನೊಂದೇ ದಿನ, ದಿನಕ್ಕೆ ಮೂರು ಸಲ ಮಂಜುಗಡ್ಡೆ, ಪಟ್ಟಿ, ಮತ್ತೆ ಮಂಜುಗಡ್ಡೆ, ಬಾವು ಇಳಿಯಿತು, ಒಂಬತ್ತನೇ ದಿನ ನಡೆದ, ಹತ್ತನೇ ದಿನ ನೇರಕ್ಕೆ ಓಡಿದ, ನೋಡಿ ಡಾಕ್ಟ್ರೇ ಅಂತ ಕುಣಿದ, ಕಾಲು ನೆಲಕ್ಕೆ ತಾಗುವ ಮೊದಲೇ ಎತ್ತುವ ಹುಡುಗ, ಅದಕ್ಕೇ ಚಿಗರೆ ಅಂತ ಹೆಸರು ಬಿದ್ದದ್ದು, ಎಲ್ಲರೂ ಚಪ್ಪಾಳೆ ತಟ್ಟಿದ್ದು ಹುಡುಗನಿಗಲ್ಲ, ಅವನಿಗೆ, ಕೈಗುಣ ಅಂದರೆ ಇದಪ್ಪಾ, ಅವನು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಏನೂ ಅಲ್ಲ ಅನ್ನುವ ಹಾಗೆ ನಿಂತಿದ್ದ, ಆದರೆ ಒಳಗೆ ಹಿಗ್ಗು ತಡೆಯಲಾಗುತ್ತಿರಲಿಲ್ಲ. ಪಂದ್ಯದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಹುಡುಗನನ್ನು ಮಂಚದ ಮೇಲೆ ಮಲಗಿಸಿಕೊಂಡು ಮಂಡಿಯ ಒಳಪಕ್ಕದಲ್ಲಿ ಹೆಬ್ಬೆರಳು ಒತ್ತಿದ — ಬೇಡ, ಪೋಸ್ಟ್‌ಮ್ಯಾನ್ ಬೆನ್ನಿನ ಎರಡನೇ ಗಂಟು ಇನ್ನೂ ಬಾಕಿ, ಎಣ್ಣೆ ಬೇಕು, ಸೀಸೆ ಎಲ್ಲಿ, ಕಾಗದದ ಪಕ್ಕ, ಕಾಗದಕ್ಕೆ ಎಣ್ಣೆ ತಾಗದ ಹಾಗೆ ಎತ್ತಿಕೊಂಡ, ಇನ್ನೂರ ಹನ್ನೊಂದು ಹೆಸರು, ಎಂಟನೇದು ಇದೇ ಬೀದಿಯ ಔಷಧಿ ಅಂಗಡಿಯವರದು, ಎಷ್ಟು ದುಂಡಗೆ ಬರೆದಿದ್ದಾರೆ. ಅವತ್ತು ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ, ಅವರ ಬೆನ್ನ ಹಿಂದೆ ಬಿಳಿ ಬೋರ್ಡು, ಅದರ ಮೇಲೆ ಹನ್ನೊಂದು ಹೆಸರು, ಚಿಗರೆಯ ಜಾಗದಲ್ಲಿ ಇನ್ನೊಬ್ಬನ ಹೆಸರು ನೀಲಿ ಶಾಯಿಯಲ್ಲಿ, ನಾನು ಇವನಿಲ್ಲದೆನೇ ಯೋಚನೆ ಮಾಡಿದ್ದೀನಿ, ತೊಂದರೆ ಇಲ್ಲ, ನೀವು ಹೇಳಿದ ಹಾಗೆ, ಆಗುತ್ತಾ. ಅಷ್ಟೇ ಕೇಳಿದ್ದು, ಒತ್ತಾಯ ಮಾಡಲಿಲ್ಲ, ಅದನ್ನು ಯಾರಿಗೂ ಹೇಳಿಲ್ಲ ಅವನು, ಒತ್ತಾಯ ಮಾಡಲೇ ಇಲ್ಲ. ಆಗುತ್ತೆ, ಅಂದ. ಮ್ಯಾನೇಜರ್ ತಿರುಗಿ ಆ ಇನ್ನೊಬ್ಬನ ಹೆಸರನ್ನು ಅಂಗೈಯ ಪಕ್ಕದಿಂದ ಒರೆಸಿ ಹಾಕಿದರು, ಬಟ್ಟೆ ಹುಡುಕಲಿಲ್ಲ, ಅಷ್ಟು ನಂಬಿಕೆ.

ಡಾಕ್ಟ್ರೇ, ಕೈ ನಿಂತೋಯ್ತಲ್ಲ. ಇಲ್ಲ ಇಲ್ಲ, ಎಣ್ಣೆ. ಸೋತ ಮೇಲೆ ಪತ್ರಿಕೆಯವರು ಕೂತಿದ್ದ ಕೋಣೆಗೆ ಅವನು ಹೋಗಿದ್ದ, ಹೇಳಿಬಿಡಬೇಕು ಅಂತಲೇ ಹೋಗಿದ್ದ, ಗೋಡೆಗೆ ಒರಗಿ ನಿಂತಿದ್ದ, ಗಾಯ ಇದ್ದವನನ್ನ ಆಡಿಸಿದ್ದು ಯಾರ ಸಲಹೆ ಅಂತ ಯಾರೋ ಕೇಳಿದರು, ಮ್ಯಾನೇಜರ್ ಅವನತ್ತ ನೋಡಲೂ ಇಲ್ಲ, ತೀರ್ಮಾನ ನನ್ನದು, ಅಂದರು, ಇನ್ನೊಬ್ಬರು ಅದನ್ನೇ ಸುತ್ತಿಬಳಸಿ ಕೇಳಿದರು, ತೀರ್ಮಾನ ನನ್ನದು ಅಂದೆನಲ್ಲ, ಮೈಕ್ ಸರಿಮಾಡಿದ ಅಂಗೈಯ ಪಕ್ಕದಲ್ಲಿ ಇನ್ನೂ ನೀಲಿ ಶಾಯಿ. ಆಮೇಲೆ ಓಣಿಯಲ್ಲಿ ಎದುರಾದಾಗ ಅವನು ಬಾಯಿ ತೆರೆದ, ಅವರು ಕೈ ಅಡ್ಡ ಮಾಡಿದರು, ನೀವು ಮನುಷ್ಯರೇ ತಾನೇ, ಒಂದು ಸಲ ಅಂದಾಜು ತಪ್ಪುತ್ತೆ, ಬಿಡಿ. ಅಂದಾಜು ತಪ್ಪಿದ್ದು ಅಂದುಕೊಂಡಿದ್ದರು ಅವರು. ಹಾಗೇ ಅಂದುಕೊಳ್ಳಲಿ ಅಂತ ಬಿಟ್ಟ, ಒಂದು ವಾರ ಬಿಟ್ಟ, ಒಂದು ವರ್ಷ, ಏಳು ವರ್ಷವಾಯಿತು, ಬಿಟ್ಟದ್ದು ಬಿಟ್ಟ ಹಾಗೇ ಇದೆ. ಮೇಷ್ಟ್ರ ದೀಪದ ಗಂಟೆ ಟಿಣ್ ಅಂದಿತು, ಪರದೆಯ ಉಂಗುರಗಳು ಕರಕರ ಸರಿದವು, ಮೇಷ್ಟ್ರು ಕುತ್ತಿಗೆ ಹಿಡಿದುಕೊಂಡೇ ಈಚೆ ಬಂದು ನಿಂತರು, ಪೋಸ್ಟ್‌ಮ್ಯಾನ್ ಎದ್ದು ಕೂತು ಅಂಗಿ ಹಾಕಿಕೊಳ್ಳುತ್ತಿದ್ದಾರೆ, ಗುಂಡಿ ಒಂದು ಮನೆ ಮೇಲಕ್ಕೆ, ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಹಿಡಿದರು, ಡಾಕ್ಟ್ರೇ. ಪೆನ್ನು ತೆಗೆದುಕೊಂಡ, ಎಣ್ಣೆಗೈಯಿಂದ ಜಾರಿತು, ಟವೆಲ್ಲಿನಲ್ಲಿ ಒರೆಸಿಕೊಂಡ, ಮತ್ತೆ ಹಿಡಿದ, ಕಾಗದದ ಮೇಲೆ ಖಾಲಿ ಗೆರೆ, ನಾನು ಹಾಕಲ್ಲ, ಅಂತ ಯಾರೋ ಅಂದ ಹಾಗಾಯಿತು, ಅವನೇ ಅಂದದ್ದು. ಯಾಕೆ. ಚಿಗರೆ ಆಡಬಹುದು ಅಂತ ಹೇಳಿದ್ದು ನಾನು. ಮ್ಯಾನೇಜರ್ ಬೇರೆಯವನ ಹೆಸರು ಬರೆದಾಗಿತ್ತು. ನಾನು ಆಗುತ್ತೆ ಅಂದ ಮೇಲೆ ಅಳಿಸಿದ್ರು.

ಕೋಣೆ ಕುಸಿಯುತ್ತದೆ ಅಂದುಕೊಂಡಿದ್ದ, ಏಳು ವರ್ಷ ಹಾಗೇ ಅಂದುಕೊಂಡಿದ್ದ, ಕೆಳಗೆ ಸೈಕಲ್ ಅಂಗಡಿಯವನು ಚಕ್ರ ತಿರುಗಿಸುತ್ತಿದ್ದ, ಟರ್ರ್ ಅಂತ ಸದ್ದು, ಅದು ನಿಲ್ಲಲಿಲ್ಲ. ಮೊದಲು ಬಾಯಿ ಬಿಟ್ಟಿದ್ದು ಮೇಷ್ಟ್ರು, ನೋಡಿದ್ರಾ, ನಾನು ಹೇಳ್ಲಿಲ್ವಾ, ಮ್ಯಾನೇಜರ್‌ದಲ್ಲ. ಪೋಸ್ಟ್‌ಮ್ಯಾನ್ ಸ್ವಲ್ಪ ಹೊತ್ತು ಅವನ ಮುಖ, ಸ್ವಲ್ಪ ಹೊತ್ತು ಕಾಗದ ನೋಡಿದರು, ಆಮೇಲೆ, ಇರಿ ಇರಿ ಮೇಷ್ಟ್ರೇ, ಇವ್ರು ಹೇಳಿದ್ರು, ಸರಿ, ಹೇಳಿದ್ದನ್ನೆಲ್ಲ ಕೇಳ್ಕೊಂಡು ಕೂರೋಕೆ ಮ್ಯಾನೇಜರ್ ಯಾಕೆ, ಕಣ್ಣಿರಲಿಲ್ವಾ, ಬೆಳಿಗ್ಗೆ ಓಡಿಸಿ ನೋಡಬಾರದಿತ್ತಾ. ತಜ್ಞರು ಹೇಳಿದ್ಮೇಲೆ ಯಾಕ್ರೀ ಓಡಿಸಿ ನೋಡ್ತಾರೆ. ಸರಿ, ಮಂಡಿ ಬಿಡಿ, ಅರ್ಧ ಆಟಕ್ಕೇ ಮೂರೂ ಬದಲಾವಣೆ ಮುಗಿಸಿದ್ದು ಯಾರು, ಅದನ್ನೂ ಇವ್ರೇ ಹೇಳಿದ್ರಾ. ಅದು ಬೇರೆ ವಿಷಯ. ಹೇಗೆ ಬೇರೆ. ಅವನು ಪೆನ್ನು ಹಿಡಿದುಕೊಂಡು ಇಬ್ಬರ ನಡುವೆ ನಿಂತಿದ್ದ, ಅವನ ಏಳು ವರ್ಷ ಅವರ ಕೈಗೆ ಸಿಕ್ಕಿ ಒಂದು ನಿಮಿಷದಲ್ಲಿ ವಾದದ ನಾಲ್ಕನೇ ಅಂಶವಾಗಿತ್ತು, ಹುಲ್ಲು ಕತ್ತರಿಸುವ ಯಂತ್ರದ ನಂತರದ್ದು, ನಗು ಬರಬೇಕಿತ್ತು, ಬರಲಿಲ್ಲ, ಹಗುರಾಗಬೇಕಿತ್ತು, ಅದೂ ಪೂರ್ತಿ ಇಲ್ಲ. ಪೋಸ್ಟ್‌ಮ್ಯಾನ್ ಕಾಗದವನ್ನು ಮಡಚಿದರು, ಇನ್ನೊಮ್ಮೆ ಮಡಚಿದರು, ಇನ್ನೂರ ಹನ್ನೊಂದು ಮನೆ ಹತ್ತಿ ಇಳಿದಿದ್ದೀನಿ ಡಾಕ್ಟ್ರೇ, ಮೊದಲೇ ಹೇಳಬಾರದಿತ್ತಾ, ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು, ಸಂಜೆ ಬಂದು ಇದನ್ನೇ ಅಲ್ಲಿ ಹೇಳ್ತೀರಾ, ಎಲ್ಲರ ಮುಂದೆ. ಹೇಳ್ತೀನಿ. ಹೇಳಿ, ಆಮೇಲೆ ಜನ ಏನಂತಾರೋ ನೋಡೋಣ, ಅಲ್ಲೀವರೆಗೂ ಇದು ನನ್ನ ಜೇಬಲ್ಲಿರುತ್ತೆ. ತಪ್ಪು ಹಾಕಿದ ಗುಂಡಿಯಲ್ಲೇ ಮೆಟ್ಟಿಲಿಳಿದರು, ಮೇಷ್ಟ್ರು ಹಿಂದೆಯೇ, ಮೂರು ಬದಲಾವಣೆಯ ಮಾತು ಬೀದಿಯ ತಿರುವಿನವರೆಗೂ ಕೇಳಿಸುತ್ತಿತ್ತು, ಆಮೇಲೆ ಬಸ್ಸೊಂದು ಬಂದು ಅದನ್ನು ಎತ್ತಿಕೊಂಡು ಹೋಯಿತು.

ಬನ್ನಿ ಅಕ್ಕ, ಅಂದ, ಮಂಚದ ಮೇಲಿನ ಬಟ್ಟೆ ಬದಲಾಯಿಸಿದ, ಬೇಕರಿ ಅಕ್ಕ ಮಂಚದ ಅಂಚಿಗೆ ಕೂತರು, ಎಂಟನೇ ವಾರ, ಕೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತಿದೆ, ಭುಜದ ಹಿಂದೆ ಒಂದು ಕೈ, ಮೊಣಕೈ ಕೆಳಗೆ ಒಂದು ಕೈ, ನಿಧಾನಕ್ಕೆ ಮೇಲೆ, ನೋವಾದ್ರೆ ಹೇಳಿ. ಹೇಳಲಿಲ್ಲ, ಬೇರೆಯದೇ ಹೇಳಿದರು, ಅವತ್ತು ನಾನು ಕಂಬಿ ಹತ್ರಾನೇ ನಿಂತಿದ್ದೆ, ನಿಮ್ಮ ಬೆಂಚಿನ ಹಿಂದೆ. ಹೌದಾ. ಇಪ್ಪತ್ತೆರಡು ವರ್ಷ ಅದೇ ಜಾಗ ನನ್ನದು. ಕೈ ಇನ್ನೊಂದು ಬೆರಳಿನಷ್ಟು ಮೇಲೆ. ಎಲ್ಲರೂ ಚೆಂಡು ನೋಡ್ತಿದ್ರು, ನಾನು ನಿಮ್ಮನ್ನ ನೋಡ್ತಿದ್ದೆ, ಯಾಕಂದ್ರೆ ಆಟ ಶುರುವಾದಾಗಿಂದ ನೀವು ಕೂತೇ ಇರಲಿಲ್ಲ, ಚೀಲ ಹೆಗಲಿಗೆ ಹಾಕ್ಕೊಂಡು ಗೆರೆ ಹತ್ರ ನಿಂತಿದ್ರಿ, ಚಿಗರೆ ಬೀಳೋಕೆ ಮುಂಚೆನೇ ನೀವು ಎರಡು ಹೆಜ್ಜೆ ಓಡಿ ಆಗಿತ್ತು. ಇಲ್ಲ, ಅನ್ನಲು ಹೋದ, ಅವನ ನೆನಪಿನಲ್ಲಿ ಹುಡುಗ ಬೀಳುತ್ತಾನೆ, ಆಮೇಲೆ ಅವನು ಬೆಂಚಿನಿಂದ ಏಳುತ್ತಾನೆ, ಎಷ್ಟು ಸಲ ನೆನೆದರೂ ಹಾಗೇ, ಬೀಳುವುದು ಮೊದಲು ಏಳುವುದು ಆಮೇಲೆ — ಆದರೆ ಬೆಂಚು ಹೇಗಿತ್ತು, ಕೂತಿದ್ದರೆ ಬೆಂಚಿನ ಬಿಸಿ ತೊಡೆಗೆ ತಾಗಬೇಕಿತ್ತು, ಅವತ್ತು ಬಿಸಿಲಿತ್ತು, ಆ ಬಿಸಿ ನೆನಪಿಲ್ಲ, ನೆನಪಿರುವುದು ಚೀಲದ ಪಟ್ಟಿ ಹೆಗಲು ಕೊರೆಯುತ್ತಿದ್ದದ್ದು, ಬೂಟಿನ ಮುಂದೆ ಸುಣ್ಣದ ಗೆರೆ. ಗೊತ್ತಿತ್ತಾ ನಿಮಗೆ, ಅಂತ ಅಕ್ಕ ಕೇಳಿದರು, ಪೋಸ್ಟ್‌ಮ್ಯಾನ್ ಕೇಳದ್ದು, ಮೇಷ್ಟ್ರು ಕೇಳದ್ದು, ಮ್ಯಾನೇಜರ್ ಓಣಿಯಲ್ಲಿ ಕೇಳದೆ ಕೈ ಅಡ್ಡ ಮಾಡಿದ್ದು, ಬೈಯುವ ದನಿಯಲ್ಲಲ್ಲ, ಬೇಕರಿಯಲ್ಲಿ ಇವತ್ತಿನದಾ ನಿನ್ನೇದಾ ಅಂತ ಗಿರಾಕಿ ಕೇಳಿದ ಹಾಗೆ ಕೇಳಿದರು. ಗೊತ್ತಿತ್ತು, ಅಂದ. ಹನ್ನೊಂದು ದಿನ ಎಲ್ಲರೂ ಕೈಗುಣ ಕೈಗುಣ ಅಂದಿದ್ರು, ಆಗಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. ಅಕ್ಕ ಹೂಂ ಅಂದರು. ಸಂಜೆ ಅದನ್ನೂ ಹೇಳ್ತೀರಾ. ಅವನು ಮೊಣಕೈ ಕೆಳಗಿನ ಹಿಡಿತ ಸರಿಮಾಡಿಕೊಂಡ, ಅಕ್ಕ ಕಾಯಲಿಲ್ಲ, ಹಾಗಾದ್ರೆ ನನ್ನ ಭುಜದ್ದು ಹೇಳಿ, ಎಂಟು ವಾರದಿಂದ ಆಗುತ್ತೆ ಆಗುತ್ತೆ ಅಂತಿದ್ದೀರಿ, ಒಲೆಯಿಂದ ತಟ್ಟೆ ಎತ್ತೋಕೆ ಈ ಕೈ ಆಗುತ್ತಾ. ಆಗು — ಅಂತ ನಾಲಿಗೆ ತಾನಾಗಿಯೇ ಹೊರಟಿತು, ಹಲ್ಲಿನ ಹಿಂದೆ ಹಿಡಿದ. ಮೊಣಕೈಯನ್ನು ಮಡಿಲಿಗಿಳಿಸಿದ. ಇಲ್ಲ ಅಕ್ಕ. ತಲೆ ಬಾಚ್ಕೊಳ್ಳೋಕೆ ಆಗುತ್ತೆ, ನೋವಿಲ್ಲದೆ ಮಲಗೋಕೆ ಆಗುತ್ತೆ, ತಟ್ಟೆ ಎತ್ತೋಕಾಗಲ್ಲ. ಅಕ್ಕ ತಮ್ಮ ಬಲ ಅಂಗೈಯನ್ನು ತಿರುಗಿಸಿ ನೋಡಿಕೊಂಡರು, ಹಳೇ ಸುಟ್ಟಗಾಯದ ಗೆರೆಗಳು, ಎಂಟು ವಾರ ಅಂಗಡಿ ಬಾಗಿಲು ಹಾಕಿ ಕಾದಿದ್ದೀನಲ್ಲ, ಅಂದರು, ಸರಿ, ಎತ್ತೋಕೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ, ನೀವು ನಿಮ್ಮ ಕೆಲಸ ಮಾಡಿ. ಮತ್ತೆ ಭುಜ ಹಿಡಿದ, ಕೀಲಿನ ಮುಂಭಾಗ, ಹೆಬ್ಬೆರಳು ಒತ್ತಬೇಕು, ಒತ್ತಿದ, ತೆಗೆದ, ಚರ್ಮ ತಟ್ಟನೆ ಎದ್ದು ಬಂತು, ಎಲ್ಲರ ಚರ್ಮವೂ ಹಾಗೇ ಬರಬೇಕು, ಬರಲಿಲ್ಲ ಅವತ್ತು, ಒಂಬತ್ತೂವರೆ, ಕಿಟಕಿಯ ಬಿಸಿಲು ನೇರ ಮಂಚದ ಮೇಲೆ, ಚಿಗರೆ ಮೇಲೆ ನೋಡುತ್ತ ಏನೋ ಹಾಡು ಗುನುಗುತ್ತಿದ್ದಾನೆ, ಮಂಡಿಯ ಒಳಪಕ್ಕ, ಬಾವು ಇಳಿದಿದೆ ಅಂದುಕೊಂಡ ಜಾಗ, ಒತ್ತಿದ ಹೆಬ್ಬೆರಳು ತೆಗೆದ, ಗುಳಿ ಹಾಗೇ ಉಳಿಯಿತು, ಒಳಗೆ ಬಾವು ಇನ್ನೂ ಇದೆ, ಒಂದು ಅಂತ ಎಣಿಸಿದ, ಎರಡು, ಮೂರು, ಬಾಗಿಲಲ್ಲಿ ಹೆಜ್ಜೆ ಸದ್ದು, ನಾಲ್ಕು, ಆಗುತ್ತಾ, ಐದು, ಹೆಬ್ಬೆರಳಿನಷ್ಟೇ ಅಗಲದ ಗುಳಿ, ಅದರಲ್ಲಿ ಬಿಸಿಲು ನಿಂತಿದೆ, ಆರು, ತುಂಬಿಕೊಳ್ಳುತ್ತಿಲ್ಲ, ಆಗುತ್ತೆ, ಏಳು, ತುಂಬಿಕೊಳ್ಳುತ್ತಿಲ್ಲ